ಮಾಳಿಗೆಯ ಮೇಲಿನ ಸಿಮೆಂಟು

ಮೆಟ್ರಿ
22 ಜುಲೈ 2024

ಮಗಳು ಸೌಜನ್ಯಳಿಗೆ ನಿನ್ನ ಅಪ್ಪನ ಆಶೀರ್ವಾದ. ಹೊಟ್ಟೆಯಲ್ಲಿರುವ ಕೂಸಿಗೆ ಒಂದು ಹಿಡಿ ಹೆಚ್ಚೇ ಇರಲಿ.

ಫೋನ್ ಇರುವಾಗ ಅಪ್ಪನಿಗೇಕೆ ಕಾಗದದ ಹುಚ್ಚು ಎಂದು ನಗಬೇಡ. ಫೋನಿನಲ್ಲಿ ನೀನು ನನಗೆ ಒಂದು ಮಾತೂ ಪೂರ್ತಿ ಆಡಗೊಡುವುದಿಲ್ಲ. ನಮ್ಮ ಓಣಿಯ ಎರ್ರಿಯಪ್ಪ ಲಾರಿ ತೆಗೆದುಕೊಂಡು ನಿಮ್ಮ ಯಶವಂತನಗರಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಹೇಳುವುದು ಇಷ್ಟೇ. ಹೆರಿಗೆಗೆ ಇಲ್ಲಿಗೆ ಬರಬೇಡ. ಸಿಟ್ಟಾಗುತ್ತೀ, ಗೊತ್ತು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ಮೊದಲು ಹಟ ಹಿಡಿದವಳು ನಿಮ್ಮವ್ವ, ಆಮೇಲೆ ನೀನು. ಆದರೆ ಈಗ ಬಂದರೆ ಮಲಗಲು ಪಡಸಾಲೆಯೇ ಇಲ್ಲ. ಹೋದ ವಾರದ ಮಳೆಗೆ ಅದರ ಮಾಳಿಗೆ ಕುಸಿಯಿತು.

ಗಾಬರಿಯಾಗಬೇಡ. ಬಿಪಿ ಏರಬಾರದೆಂದು ಡಾಕ್ಟರಮ್ಮ ನಿನ್ನನ್ನು ಮಂಚದಿಂದ ಇಳಿಯಗೊಟ್ಟಿಲ್ಲ. ಹಳೇ ಮನೆ, ನನ್ನ ತಾತ ಕಟ್ಟಿಸಿದ್ದು. ಮಣ್ಣಿನ ಗೋಡೆ, ಬೇವಿನ ತೊಲೆ, ಅದರ ಮೇಲೆ ಜಂತಿ, ಸೊಪ್ಪು, ಮಣ್ಣು. ತೊಲೆಗೆ ಗೆದ್ದಲು ಹಿಡಿದದ್ದು ನಮಗೆ ತಿಳಿಯಲಿಲ್ಲ. ನಿನ್ನ ಮದುವೆಯ ಹೊತ್ತಿಗೆ ನೀನು ಹೇಳಿ ಮೇಲೆ ಹಾಕಿಸಿದ ಸಿಮೆಂಟಿಗೂ ಇದಕ್ಕೂ ಸಂಬಂಧವಿಲ್ಲ. ಆಮೇಲೆ ಮನೆಯೊಳಗೆ ಒಂದು ಹನಿಯೂ ಸೋರಲಿಲ್ಲ. ನಿಮ್ಮವ್ವ ಅದನ್ನು ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ವರ್ಷಾ ವರ್ಷಾ ಮಳಿಗಿಂತ ಮುಂಚೆ, ಸೋರಬಾರದಂತ ಮಾಳಿಗಿಗೆ ಸವಳು ಮಣ್ಣು ಹೊತ್ತು ಹೊತ್ತು ನನ್ನ ನೆತ್ತಿ ಸವದು ಹೋಗಿತ್ತು, ಮಗಳು ಬಿಡುಗಡಿ ಕೊಟ್ಲು ಅಂತ. ಪಡಸಾಲೆಯಲ್ಲಿ ನೀನು ಮಲಗಲೆಂದು ಹಗ್ಗದ ಹೊರಸು ಬಿಗಿಸಿದ್ದಳು. ಕೆಂಡ ಇಡುವ ಜಾಗ, ಕೂಸಿಗೆ ಎರೆಯುವ ಜಾಗ ಎಲ್ಲ ಆಕೆಯೇ ಗುರುತು ಮಾಡಿದ್ದಳು. ನಾನು ನಡುವೆ ಬಾಯಿ ಹಾಕಿದರೆ, ಆಚಿ ಕುಂದ್ರಿ, ಗಂಡಸರಿಗೇನು ತಿಳಿತೈತಿ ಅನ್ನುತ್ತಿದ್ದಳು.

ಆಕೆಗೆ ಧೂಳು ಗಂಟಲಿಗೆ ಹೋಗಿ ದನಿ ಬಿದ್ದಿದೆ. ಅವ್ವಗ ಫೋನ್ ಕೊಡ್ರಿ ಅಂತ ದಿನಾ ಕಾಡಬೇಡ. ಮದುವೆಯಾದಾಗಿನಿಂದ ಆಕೆ ಸುಮ್ಮನಿದ್ದದ್ದು ಇದೇ ಮೊದಲು, ಮನೆ ಭಣಭಣ ಅನ್ನುತ್ತದೆ. ಬಾಣಂತನಕ್ಕೆ ನಿನ್ನ ಸೋದರತ್ತೆ ನಿಂಗಕ್ಕ ಅಲ್ಲಿಗೇ ಬರುತ್ತಾಳೆ. ಅಂಟಿನುಂಡಿಯ ಡಬ್ಬಿ ಎರ್ರಿಯಪ್ಪನ ಹತ್ತಿರವೇ ಇದೆ. ಅವು ನಿಮ್ಮವ್ವ ಕಟ್ಟಿದ ಉಂಡಿ. ಯಾರಿಗೂ ಹಂಚದೆ ನೀನೇ ತಿನ್ನು.

ಇಂತಿ ನಿನ್ನ ಅಪ್ಪ,
ಚನ್ನಯ್ಯ

ಇದು ಅಳಿಯಂದಿರಿಗೆ ಮಾತ್ರ.
ಲಿಂಗರಾಜ್ ಅವರೇ, ಕೆಳಗಿನ ಇಷ್ಟನ್ನು ಹರಿದುಕೊಂಡು ಮೇಲಿನದನ್ನು ಆಕೆಗೆ ಕೊಡಿರಿ. ಮಾಳಿಗೆಯಡಿ ಸಿಕ್ಕ ನಿಮ್ಮ ಅತ್ತೆಯನ್ನು ನೀವು ಬಂದು ಮಣ್ಣು ಮಾಡಿ ಹೋದ ಸುದ್ದಿ ಹೆರಿಗೆ ಆಗುವವರೆಗೆ ಬೇಡವೆಂದು ಇಬ್ಬರೂ ಒಪ್ಪಿದ್ದೇವೆ. ಇನ್ನೊಂದು ಮಾತಿದೆ, ಅದನ್ನು ಆಮೇಲೂ ಹೇಳಬಾರದು. ಬಿದ್ದ ಮಾಳಿಗೆಯನ್ನು ನಿನ್ನೆ ತೆಗೆಸುವಾಗ ನೋಡಿದೆ. ತೊಲೆಗಳಲ್ಲಿ ಗೆದ್ದಲು ಇರಲಿಲ್ಲ. ಗೋಡೆಯಂಚಿನ ಬಿರುಕಿನಿಂದ ಇಳಿದ ನೀರು ಸಿಮೆಂಟಿನ ಅಡಿಯಲ್ಲಿ ಆರದೆ ನಿಂತು, ಮಣ್ಣು ನೆಂದು ಭಾರವಾಗಿ, ತೊಲೆಗಳು ಕೊಳೆತಿದ್ದವು. ಬರೀ ಸವಳು ಮಣ್ಣಾಗಿದ್ದರೆ ಬಿಸಿಲಿಗೆ ಆರುತ್ತಿತ್ತು, ಇಲ್ಲವೇ ಸೋರಿ ನಮ್ಮನ್ನು ಎಬ್ಬಿಸುತ್ತಿತ್ತು. ಆಕೆ ಎಂದಾದರೂ ಕೇಳಿದರೆ ಗೆದ್ದಲು ಅನ್ನಿ. ನಂಬದಿದ್ದರೆ ನಿಮ್ಮಪ್ಪ ಮೈಗಳ್ಳ, ಮಾಳಿಗೆ ಹತ್ತಿ ನೋಡಲಿಲ್ಲ ಅನ್ನಿ. ತನ್ನ ಮಾತಿಗೆ ಹಾಕಿಸಿದ ಸಿಮೆಂಟಿನಿಂದ ಅವ್ವ ಸತ್ತಳೆಂದು ತಿಳಿದು ಆಕೆ ಕೂಸಿಗೆ ಹಾಲೂಡಿಸುವುದು ಬೇಡ. ಅದರ ಬದಲು ನನ್ನನ್ನು ಬೈದುಕೊಂಡಿರಲಿ.