ಅಸರ್ ಹೊತ್ತಿನ ಖಟಕ್

ಉಸ್ತಾದರಿಗೆ ನಿಮ್ಮ ವಿರೂಪಾಕ್ಷಿಯ ಸಲಾಮು, ಶರಣು.

ಈ ಪತ್ರವನ್ನು ನಾನು ಒಬ್ಬನೇ ಕುಳಿತು ಓದುತ್ತಿಲ್ಲ. ಸವಣೂರಿನ ನಿಮ್ಮ ಬಂದೂಕು ರಿಪೇರಿ ಅಂಗಡಿಯ ಮುಂದೆ ಜಮಖಾನೆ ಹಾಸಿದೆ. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಕಡೆಯ ನಿಮ್ಮ ಹಳೆಯ ಗಿರಾಕಿಗಳು ಬಂದಿದ್ದಾರೆ. ಓಣಿಯ ಹಿರಿಯರು ಮುಂದಿನ ಸಾಲಿನಲ್ಲಿದ್ದಾರೆ. ನೆರೆದ ಎಲ್ಲರಿಗೂ ನಮಸ್ಕರಿಸಿ, ನೀವು ಹೋದ ಈ ಒಂದು ವರ್ಷ ಅಂಗಡಿಯ ಬಾಗಿಲು ಮುಚ್ಚದಂತೆ ನೋಡಿಕೊಂಡ ಹಿರಿಯರಿಗೆ ಕೃತಜ್ಞತೆ ಹೇಳಿ, ನಿಮ್ಮತ್ತ ತಿರುಗುತ್ತಿದ್ದೇನೆ. ನಿಮ್ಮ ಸ್ಟೂಲು ಖಾಲಿ ಇದೆ. ಈ ವರ್ಷ ಅದರ ಮೇಲೆ ಯಾರೂ ಕುಳಿತಿಲ್ಲ. ಅಥವಾ, ಕುಳಿತವರು ನಮ್ಮ ಕಣ್ಣಿಗೆ ಬಿದ್ದಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನಿಮಗೆ ನೆನಪಿದೆಯೇ? ಗಿರಾಕಿಯೊಬ್ಬ ಬಂದೂಕನ್ನು ಮೇಜಿನ ಮೇಲಿಟ್ಟು "ಖಾಲಿ ಐತ್ರಿ" ಅಂದ. ನೀವು ನಗಲೂ ಇಲ್ಲ. "ಎಲ್ಲಾರ ಬಂದೂಕೂ ಖಾಲೀನ ಇರ್ತಾವ ತಮ್ಮಾ. ಮಂದಿ ಸಾಯೂದೂ ಖಾಲಿ ಬಂದೂಕಿಂದನ" ಎಂದವರೇ ಅದನ್ನು ತೆರೆದು, ಕಾಡತೂಸು ಕೂರುವ ಗೂಡಿನೊಳಗೆ ಕಿರುಬೆರಳು ಹಾಕಿ ತಡವಿದಿರಿ. ಆಮೇಲೆ ನನಗೆ, "ಕಣ್ಣ ನಂಬಬ್ಯಾಡ, ಇರಪಾಕ್ಷಿ. ಬೆರಳ ಹಾಕು." ದಿನವೂ ಇಳಿಹೊತ್ತಿನ ಅಸರ್ ನಮಾಜಿಗೆ ಹೊರಡುವ ಮುನ್ನ ಗೋಡೆಗೆ ನಿಂತ ಒಂದೊಂದು ಬಂದೂಕನ್ನೂ ಹಾಗೆ ತಡವಿಯೇ ನೀವು ಅಂಗಡಿಯಿಂದ ಇಳಿಯುತ್ತಿದ್ದುದು. ಹರೆಯದಲ್ಲಿ ಒಮ್ಮೆ ಬೆರಳು ಒಳಗಿದ್ದಾಗಲೇ ಬಂದೂಕು ಮುಚ್ಚಿಕೊಂಡು, ಆ ಕಿರುಬೆರಳು ಮುರಿದಿತ್ತು. ಆಮೇಲೆ ಅದು ಮಡಚಲೇ ಇಲ್ಲ. ನೀವು ಅರ ಹಿಡಿದು ಉಕ್ಕು ಉಜ್ಜುವಾಗ ಅದೊಂದು ಮಾತ್ರ ಮೇಲೆ ನೋಡುತ್ತಿತ್ತು.

ನಿಮ್ಮನ್ನು ಮಣ್ಣು ಮಾಡಿದ ಏಳನೆಯ ದಿನ ಹಾನಗಲ್ಲ ಕಡೆಯ ಬಸನಗೌಡರು ತಮ್ಮ ಪಂಪು ಬಂದೂಕು ತಂದರು. ನಿಮಗೆ ಅದು ಗೊತ್ತು. ನಳಿಗೆಯ ಕೆಳಗಿನ ಮರದ ಹಿಡಿಯನ್ನು ಹಿಂದಕ್ಕೆಳೆದರೆ ತೆರೆಯುವ, ಮುಂದೆ ನೂಕಿದರೆ ಮುಚ್ಚುವ ಬಂದೂಕು. ಹಿಡಿ ತಾನಾಗಿ ಜಾರದಂತೆ ತಡೆಯುವ ಬೆರಳುಗುರಿನಷ್ಟು ಕೊಕ್ಕೆಯೊಂದು ಒಳಗಿದೆಯಲ್ಲ, ಅದನ್ನು ಹಿಂದೆ ನೀವೇ ಬದಲಿಸಿದ್ದಿರಿ. ನಾನು ತೆರೆದೆ, ಬೆರಳು ಹಾಕಿದೆ, ಮುಚ್ಚಿ ಗೋಡೆಗೆ ನಿಲ್ಲಿಸಿದೆ. ಮಸೀದಿಯಲ್ಲಿ ಅಸರ್ ಅಜಾನ್ ಮುಗಿಯುವಷ್ಟರಲ್ಲಿ ಬೆನ್ನ ಹಿಂದೆ 'ಖಟಕ್' ಎಂದಿತು. ತಿರುಗಿ ನೋಡಿದರೆ ಬಂದೂಕು ಬಾಯಿ ತೆರೆದು ನಿಂತಿತ್ತು. ಹತ್ತಿರ ಯಾರೂ ಇರಲಿಲ್ಲ. ಗೂಡಿನೊಳಗೆ ಬೆರಳು ಹಾಕಿದೆ. ತಣ್ಣಗಿರಬೇಕಾದ ಕಬ್ಬಿಣ ಬೆಚ್ಚಗಿತ್ತು, ಈಗಷ್ಟೇ ಯಾರೋ...

ತಗಡಿನ ಮಾಡು, ಬಿಸಿಲಿಗೆ ಎಣ್ಣೆ ತೆಳುವಾಗಿ, ಸವೆದ ಕೊಕ್ಕೆ ಜಾರಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಮೋಡ ಕವಿದ ದಿನವೂ ಅದೇ ಹೊತ್ತಿಗೆ ಅದೇ ಸದ್ದು ಬಂದರೆ ಏನನ್ನಬೇಕು? ಈ ಹಳೆಯ ಬಂದೂಕಿನ ಬಿಡಿಭಾಗ ಎಲ್ಲಿಯೂ ಸಿಗುವುದಿಲ್ಲ. ನೀವು ಕಲಿಸಿದಂತೆಯೇ ಮಾಡಿದೆ: ಹಳೆಯ ಕೊಕ್ಕೆಯನ್ನು ಹೊಸ ಉಕ್ಕಿನ ಮೇಲಿಟ್ಟು ಗೆರೆ ಎಳೆದು, ಕೊರೆದು, ಅರದಿಂದ ಉಜ್ಜಿ, ಕಾಯಿಸಿ ಎಣ್ಣೆಗೆ ಅದ್ದಿದೆ. ಹೊಸದನ್ನು ಕೂರಿಸಿದೆ. ಮರುದಿನ ಅಸರ್ ಹೊತ್ತಿಗೆ ಖಟಕ್. ಮತ್ತೊಂದು ಮಾಡಿದೆ. ಖಟಕ್. ಮೂರನೆಯದು ಮೂರು ದಿನ ಸುಮ್ಮನಿತ್ತೆಂದು ಗೌಡರಿಗೆ ಬಂದೂಕು ಒಪ್ಪಿಸಿಬಿಟ್ಟೆ. ನಿಜ ಹೇಳಲೇ? ಅದನ್ನು ಒಯ್ದ ಸಂಜೆ ಅಂಗಡಿ ಎಷ್ಟು ಮೌನವಾಗಿತ್ತೆಂದರೆ, ನಾನು ಆ ಸದ್ದಿಗಾಗಿ ಕಾದು ಕುಳಿತಿದ್ದೆ.

ಕೆಲವು ತಿಂಗಳ ಮೇಲೆ ಗೌಡರು ತಿರುಗಿ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಗೋವಿನಜೋಳದ ಹೊಲಕ್ಕೆ ನುಗ್ಗಿದ ಹಂದಿಗಳನ್ನು ಬೆದರಿಸಲು ಆಕಾಶಕ್ಕೆ ಗುರಿಯಿಟ್ಟು ನಿಂತಾಗ ಹಿಡಿ ತಾನೇ ಜಾರಿ, ಕಾಡತೂಸು ಅವರ ಕಾಲಬುಡಕ್ಕೆ ಬಿದ್ದಿತ್ತು. "ಅದು ಬೀಳೂಕಿಂತ ಒಂದ್ ಕ್ಷಣ ಮೊದಲ ಬಳ್ಳಲೆ ಕುದುರಿ ಎಳದಿದ್ರ ಏನ್ ಗತಿನೋ ಮಾರಾಯಾ. ಅರ್ಧಾ ಬಾಯಿ ತಕ್ಕೊಂಡ ಬಂದೂಕ ಹಾರಿದ್ರ ಮಾರಿ ಉಳೀತಿತ್ತೇನು? ನಿಮ್ಮ ಉಸ್ತಾದ ಸತ್ರೂ ಇದರ ಕೈ ಬಿಟ್ಟಿಲ್ಲ. ಏನರ ದುವಾ ಓದ್ಸು, ಇಲ್ಲಾ ಬಾವಿಗಿ ಒಗದ್ಬಿಡು!"

ಆಗ ರೇಣುಕಾ ಎದ್ದಳು. ನೀವು ಅವಳನ್ನು ನೋಡಿಲ್ಲ, ಅವಳೂ ನಿಮ್ಮನ್ನು ನೋಡಿಲ್ಲ. ಹಿರೇಕೆರೂರಿನವಳು. ಐಟಿಐ ಫಿಟ್ಟರ್ ಮುಗಿಸಿ, ನೀವು ಹೋದ ಎರಡು ತಿಂಗಳಿಗೆ ಕೆಲಸ ಕಲಿಯಲು ಬಂದಳು. ನಿಮ್ಮ ಕೊಕ್ಕೆ ಮತ್ತು ನನ್ನ ಮೂರು ಕೊಕ್ಕೆಗಳನ್ನು ಸಾಲಾಗಿಟ್ಟು ಭೂತಗನ್ನಡಿಯಲ್ಲಿ ನೋಡಿ ಹೇಳಿದಳು: "ಕಾಕಾ, ನಾಕಕ್ಕೂ ಒಂದ ಮೂಲಿ ಗುಂಡಗಾಗೇತ್ರಿ. ಉಸ್ತಾದರು ಸವದ ಕೊಕ್ಕಿ ನೋಡಿ ತಮ್ಮದ ಮಾಡ್ಯಾರ, ನೀವು ಅವರದ ನೋಡಿ ಮಾಡೀರಿ. ಉಕ್ಕು ಹೊಸಾದು, ಸವಕಲ ಹಳೇದು."

"ಮತ್ತ ಯಾವುದನ್ನ ನೋಡಿ ಮಾಡೂದವ್ವ?"

"ಸತ್ತ ಕೊಕ್ಕೀನ ಕೇಳಬ್ಯಾಡ್ರಿ. ಅದು ಕುಂದ್ರೂ ಜಾಗಾ ಕೇಳ್ರಿ."

ಅವಳು ಬಂದೂಕಿನೊಳಗೆ ಕೊಕ್ಕೆ ಕೂರುವ ಕಚ್ಚನ್ನು ಅಳೆದಳು. ಹೊಸ ಕೊಕ್ಕೆಯ ಮೂಲೆಯನ್ನು ಚೂಪಾಗಿಯೇ ಉಳಿಸಿ, ಅದಕ್ಕೆ ನೀಲಿ ಬಣ್ಣ ಬಳಿದು, ಕೂರಿಸಿ ತೆಗೆದು, ತಾಗಿ ನೀಲಿ ಅಳಿದಲ್ಲಿ ಮಾತ್ರ ಅರದಿಂದ ಉಜ್ಜಿದಳು. ನಾನು ನೋಡುತ್ತ ನಿಂತಿದ್ದೆ. ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು, ಕಿರುಬೆರಳು ಮೇಲೆದ್ದಿತ್ತು. "ಕಾಕಾ, ಅರ ಹಿಡಿಯೂವಾಗ ನಾವಿಬ್ಬರೂ ಕಿರುಬಳ್ಳು ಯಾಕ ಎತ್ತತೇವ್ರಿ?" ನನ್ನ ಕೈ ನೋಡಿಕೊಂಡೆ. ಉಸ್ತಾದರ ಬೆರಳು ಮುರಿದಿತ್ತು ಎಂದೆ. ಅವಳು ನಕ್ಕಳು. "ನಿಮ್ದು ಮುರದಿಲ್ಲ, ನಂದೂ ಮುರದಿಲ್ಲ. ಮತ್ತ ಇದು ಯಾರ ಬಳ್ಳ್ರಿ?" ನಾನೂ ಒಂದು ಅರ ಎತ್ತಿಕೊಂಡೆ. ಬೆರಳನ್ನು ಮಡಚಲು ನೋಡಿದೆ, ಉಸ್ತಾದ್. ಅದು ಮತ್ತೆ ಎದ್ದಿತು.

ಕೊಕ್ಕೆ ಕೂರಿಸಿದ ದಿನ ನಾವಿಬ್ಬರೂ ಬಂದೂಕಿನ ಎದುರು ಕುಳಿತೆವು. ಅಜಾನ್ ಶುರುವಾಯಿತು, ಮುಗಿಯಿತು. ಬಂದೂಕು ಅಲುಗಲಿಲ್ಲ. ಗೌಡರ ಜೀವ ಉಳಿಯಿತೆಂದು ಹಿಗ್ಗಬೇಕಾದ ನಾನು, ಗೋರಿಯ ಮೇಲೆ ಇನ್ನೊಂದು ಹಿಡಿ ಮಣ್ಣು ಹಾಕಿದವನಂತೆ ಕುಳಿತಿದ್ದೆ. ಮೂರು ಬಾರಿ ಅದೇ ತಪ್ಪು ಮಾಡಿದ ಕೈಗೆ, ಆ ಸದ್ದನ್ನು ನಿಲ್ಲಿಸುವ ಮನಸ್ಸೇ ಇರಲಿಲ್ಲವೇ? ಅಷ್ಟರಲ್ಲಿ ರೇಣುಕಾ ಎದ್ದು ಗೋಡೆಯ ಬಳಿ ಹೋಗಿ, ಮೊದಲನೆಯ ಬಂದೂಕು ತೆರೆದು ಕಿರುಬೆರಳು ಹಾಕಿದಳು. ನಂತರ ಎರಡನೆಯದು. ಗೌಡರ ಪಂಪನ್ನು ಎಳೆದಾಗ ಅದೇ ಖಟಕ್. ನೀವು ಹೋದ ಮೇಲೆ ಅಸರ್ ಹೊತ್ತಿನ ಆ ತಪಾಸಣೆಯನ್ನು ನಾನು ಬಿಟ್ಟಿದ್ದೆ. ಅವಳಿಗೆ ಅದರ ಸುದ್ದಿಯನ್ನೂ ಹೇಳಿರಲಿಲ್ಲ.

"ನಿನಗ ಇದನ್ನ ಯಾರ ಹೇಳಿದ್ರವ್ವ?"

"ಈಗ ನೀವ ಅಂದ್ರೆಲ್ಲ ಕಾಕಾ, 'ಏಳವ್ವ, ಬೆರಳ ಹಾಕು' ಅಂತ?"

ನಾನು ಬಾಯಿ ತೆರೆದಿರಲಿಲ್ಲ, ಉಸ್ತಾದ್.

ನಿಮಗೆ ತಿಳಿಯದ ಸುದ್ದಿ ಇನ್ನೊಂದಿದೆ. ಅಂಗಡಿಯ ಲೈಸೆನ್ಸಿನಲ್ಲಿ ನನ್ನ ಹೆಸರಿನ ಕೆಳಗೆ ಅವಳ ಹೆಸರೂ ಸೇರಿದೆ. ಗೌಡರು ಬಂದೂಕನ್ನು ಒಯ್ದು ಒಂದು ಸುಗ್ಗಿ ಕಳೆಯಿತು. ಇಂದು ಹಿರಿಯರ ನಡುವೆ ಅವರೂ ಇದ್ದಾರೆ, ಮುಖ ನೆಟ್ಟಗೇ ಉಳಿದಿದೆ. ಹೊಸ ಹುಡುಗರು ಇಬ್ಬರು ಶಿಗ್ಗಾವಿಯಿಂದ ಕಲಿಯಲು ಬಂದಿದ್ದಾರೆ. ಅವರಿಗೆ ಜಾಗವನ್ನು ಅಳೆಯುವುದನ್ನು ರೇಣುಕಾ ಕಲಿಸುತ್ತಾಳೆ, ಬೆರಳು ಹಾಕುವುದನ್ನು ನಾನು. ಅರ ಹಿಡಿದಾಗ ಅವರ ಕಿರುಬೆರಳು ಎದ್ದರೆ ನಾವಿಬ್ಬರೂ ತಿದ್ದುವುದಿಲ್ಲ.

ಅಜಾನಿಗೆ ಹೊತ್ತಾಯಿತು. ಅವಳು ಇಂದು ನಿಮ್ಮ ಸ್ಟೂಲಿನ ಮೇಲೆ ಕೂರಬೇಕು. ಉಸ್ತಾದ್, ತುಸು ಸರಿದು ಕುಳಿತುಕೊಳ್ಳಿ.

ಏಳವ್ವ ರೇಣುಕಾ, ಏಳ್ರೋ ಹುಡುಗರಾ. ಗೋಡೆಯ ಮೊದಲ ಬಂದೂಕಿನಿಂದ ಕೆಲಸ ಶುರುವಾಗಲಿ.