ಅಮರ ಎಂದು ಬರೆಸಬೇಡಿ

ಕಣಕಟ್ಟಿ,
ಎರಡನೇ ಬೇಸಿಗೆಯ ನಲವತ್ತೊಂದನೇ ದಿನ, ಕ್ರಿ.ಶ. 2211

ಕಣಕಟ್ಟಿ ಹುತಾತ್ಮರ ವನ ಸಮಿತಿಯ ಹಿರಿಯರಿಗೆ, ನಿಮ್ಮ ಮರಿಮಕ್ಕಳ ಮರಿಮಗಳು ಇಂದುಮತಿಯ ನಮಸ್ಕಾರಗಳು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಾಗದಗಳಿಂದ ಕಲಿತವಳು ನಾನು. ಮಾತು ಎಡವಿದರೆ ಕ್ಷಮಿಸಿ. ವರ್ಷಕ್ಕೆ ಎರಡು ಬೇಸಿಗೆ ಹೇಗೆಂದು ಮಾತ್ರ ಕೇಳಬೇಡಿ. ನಡುವೆ ಇದ್ದದ್ದನ್ನು ನೀವೇ ಮುಗಿಸಿದ್ದೀರಿ.

ಬಸ್ ನಿಲ್ದಾಣದ ಹಿಂದೆ, ಮಡಿದ ಹನ್ನೊಂದು ಮಂದಿ ಯೋಧರ ನೆನಪಿಗೆ ನೀವು ಈ ವಾರ ಹನ್ನೊಂದು ಬೇವಿನ ಸಸಿ ನೆಡುತ್ತಿದ್ದೀರಿ. ನಮಗೆ ಉಳಿದಿರುವುದು ಒಂದು. ಅದರ ಬುಡದ ಕಲ್ಲಿನಲ್ಲಿ ನೀವು ಕೆತ್ತಿಸಿದ್ದು ಇಷ್ಟೇ: ‘ಅಮರ ಬಾಳಪ್ಪ’. ಅಮರ ಎಂಬ ಮಾತೇ ನಮ್ಮಲ್ಲಿ ಸತ್ತುಹೋಗಿದೆ. ಹಾಗಾಗಿ ಊರೆಲ್ಲ ಓದುವುದು ‘ಆ ಮರ ಬಾಳಪ್ಪ’ ಎಂದು. ಬಾಳಪ್ಪ ಎಂದರೆ ಮರದ ಜಾತಿ. ಪಕ್ಕದ ಮನೆಯ ಗಂಗವ್ವಜ್ಜಿ ಜ್ವರ ಬಂದವರಿಗೆಲ್ಲ, “ನಾಕ ಬಾಳಪ್ಪನ ಎಲಿ ಕುದಿಸಿ ಕುಡಿಯವ್ವ” ಅನ್ನುತ್ತಾಳೆ.

ನಮ್ಮಲ್ಲಿ ‘ನೀರೊಪ್ಪಿಗೆ’ ಎಂಬುದಿದೆ. ಯಾವುದಕ್ಕೆ ನೀರು ಹಾಕಬಹುದೆಂದು ಕಚೇರಿ ಕೊಡುವ ಚೀಟಿ. ತಿನ್ನುವ ಕಾಯಿ ಬಿಡದ ಮರಕ್ಕೆ ಅದು ಸಿಗದು, ಕಡಿದುಬಿಡುತ್ತಾರೆ. ಮನುಷ್ಯನ ಸ್ಮಾರಕಕ್ಕಾದರೆ ಸಿಗುತ್ತದೆ. ಬಾಳಪ್ಪ ಮನುಷ್ಯನೆಂದು ತೋರಿಸಲು ನಿಮ್ಮ ಸಮಾರಂಭದ ಆಮಂತ್ರಣ ಪತ್ರಿಕೆ ಹುಡುಕಿ ಕಚೇರಿಗೆ ಒಯ್ದೆ. ಅದರಲ್ಲಿ ಉದ್ಘಾಟಕರ ಹೆಸರಿದೆ, ಅಧ್ಯಕ್ಷರ ಪದವಿಗಳಿವೆ, ಮೈಕಿನವರ ವಿಳಾಸವೂ ಇದೆ. ಯೋಧರು ಮಾತ್ರ ‘ನಮ್ಮೂರ ಹನ್ನೊಂದು ಮಂದಿ ವೀರರು’.

ಗುಮಾಸ್ತ ಮಹಾಂತಯ್ಯ ಒಳ್ಳೆಯವನು. “ಬಾಳಪ್ಪ ಮನಶ್ಯಾ ಅಂತೀರಿ. ಯಾರ ಮಗಾ ಅಂವಾ? ಒಂದರ ಹೇಳ್ರಿ ಅಕ್ಕಾರ, ಚೀಟಿ ಬರೀತೇನಿ” ಎಂದ. ನನಗೆ ಒಂದೂ ಗೊತ್ತಿರಲಿಲ್ಲ. “ಅವನು ಅಮರ” ಎಂದೆ. “ಅದನ್ನ ನಾನೂ ಹೇಳಾಕತ್ತೇನಿ, ಆ ಮರಾನ” ಎಂದ. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಬಾಳಪ್ಪಾ ಎಂದು ಹರಸಿಯೇ ತಾಯಿ ಹೆಸರಿಟ್ಟಿರಬೇಕು. ಅವನು ಗಡಿ ಕಾದ, ಅವಳು ಮನೆಯಲ್ಲಿ ಕಾದಳು, ಈಗ ನೆಲ ಕಾದಿದೆ. ನಾಡಿದ್ದು ಮರ ಕಡಿಯುತ್ತಾರೆ.

ಆದ್ದರಿಂದ ಒಂದೇ ಕೋರಿಕೆ: ಅಮರ ಎಂದು ಬರೆಸಬೇಡಿ. ಅವನು ಯಾರ ಮಗ, ರಜೆಗೆ ಬಂದಾಗ ಯಾರ ಕಟ್ಟೆಯ ಮೇಲೆ ಕೂರುತ್ತಿದ್ದ, ಯಾವ ಪಲ್ಯ ಕಂಡರೆ ಮುಖ ಸಿಂಡರಿಸುತ್ತಿದ್ದ, ಅದನ್ನು ಬರೆಸಿ.

ಈ ಕಾಗದ ನಿಮಗೆ ತಲುಪಿದ್ದರೆ ಆ ಕಲ್ಲಿನ ಬರಹ ಇಷ್ಟು ಹೊತ್ತಿಗೆ ಬೇರೆಯಾಗಿರಬೇಕಿತ್ತು. ಈಗಷ್ಟೇ ಹೋಗಿ ನೋಡಿ ಬಂದೆ. ಅವೇ ಅಕ್ಷರಗಳಿವೆ.