ಹಳೆಯ ಸಿಸ್ಟಂನಲ್ಲಿ ನಾನು, ಹೊಸ ಸಿಸ್ಟಂನಲ್ಲಿ ನನ್ನ ಗಂಡ

ಮಾನ್ಯ ವಿವಾಹ ನೋಂದಣಾಧಿಕಾರಿಗಳೇ,

ನಿಮ್ಮ ಕಚೇರಿಯ ಕಂಪ್ಯೂಟರಿನ ಪ್ರಕಾರ ನನಗೆ ಮದುವೆಯಾಗಿದೆ, ಗಂಡನಿಲ್ಲ. ನನ್ನ ಗಂಡ ಮದುವೆಗೆ ಸಿದ್ಧರಾಗಿ ನಿಂತಿದ್ದಾರೆ, ಹೆಂಡತಿ ಇನ್ನೂ ಬಂದಿಲ್ಲ. ನಿಮ್ಮ ಬಾಗಿಲಿನ ಎದುರಿನ ಬೆಂಚಿನ ಮೇಲೆ ನಾವಿಬ್ಬರೂ ಕೈ ಕೈ ಹಿಡಿದು ಕೂತಿರುವಾಗಲೇ ತಾವು ಈ ತೀರ್ಮಾನಕ್ಕೆ ಬಂದಿರಿ. ಇದಕ್ಕಾಗಿ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದಿದ್ದೆ. ನಾನು ಓದಿದ ಶಾಲೆಯಲ್ಲಿ ಅರ್ಜಿ ಬರೆಯುವುದನ್ನು ಬಹಳ ಚೆನ್ನಾಗಿ ಕಲಿಸಿದ್ದರು. ಆದರೆ ಓದಿ ನೋಡಿದರೆ ನಾನೇ ನಿಮ್ಮಲ್ಲಿ ಕ್ಷಮೆ ಕೇಳುತ್ತಿರುವ ಹಾಗಿತ್ತು. ಅದನ್ನು ಹರಿದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ತಪ್ಪು ನನ್ನ ಸಂಭ್ರಮದ್ದು, ಒಪ್ಪುತ್ತೇನೆ. ನನ್ನವರು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಾರೆ, ಅವರ ಪಾಳಿ ಮುಗಿಯುವುದು ಮಧ್ಯಾಹ್ನ. ಮನೆಯವರು ಮಾಡಿಸಿದ ಮದುವೆಯನ್ನು ನೋಂದಾಯಿಸುವ ದಿನ ಅಲ್ಲಿಯವರೆಗೆ ಕಾಯಲು ನನ್ನಿಂದಾಗಲಿಲ್ಲ. ನಿಮ್ಮ ಕಚೇರಿ ತೆರೆಯುವ ಮೊದಲೇ ಮೆಟ್ಟಿಲ ಮೇಲೆ ನಿಂತಿದ್ದೆ. ಕೌಂಟರಿನ ಆಪರೇಟರ್, ಪಾಪ, ಒಳ್ಳೆಯ ಮನುಷ್ಯ. "ನಿಮ್ದು ಈಗ್ಲೇ ಹಾಕಿಬಿಡ್ತೀನಿ ಮೇಡಂ, ಯಜಮಾನ್ರು ಬಂದ್ಮೇಲೆ ಅವರ್ದು ಸೇರಿಸಿದ್ರಾಯ್ತು" ಎಂದರು. ಹೆಬ್ಬೆಟ್ಟು ಒತ್ತಿದೆ, ಸಹಿ ಹಾಕಿದೆ, ಫೋಟೋದಲ್ಲಿ ಹಲ್ಲೆಲ್ಲ ಕಾಣುವಂತೆ ನಕ್ಕೆ. ಆಮೇಲೆ ಊಟದ ಹೊತ್ತಿನಲ್ಲಿ ಯಾರೋ ಬಂದು ಅದೇ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿ ಹೋದರು. ಹಳೆಯದನ್ನು ತೆಗೆಯಲಿಲ್ಲ, ನೋಡಲಿಕ್ಕೆ ಮಾತ್ರ ಎಂದು ಪಕ್ಕದಲ್ಲೇ ಉಳಿಸಿದರು. ಓಡೋಡಿ ಬಂದ ನನ್ನ ಗಂಡನನ್ನು ಹೊಸದರಲ್ಲಿ ಬರೆದುಕೊಳ್ಳಲಾಯಿತು.

ಅಂದಿನಿಂದ ನಮ್ಮ ದಾಂಪತ್ಯ ಹೀಗಿದೆ. ಕಂಪ್ಯೂಟರ್ ಹಚ್ಚಿದಾಗ ಕಪ್ಪು ಪರದೆಯ ಮೇಲೆ ಯಾವುದು ಬೇಕು, ಹಳೆಯದೋ ಹೊಸದೋ ಎಂದು ಕೇಳುತ್ತದೆ. ಒಂದು ಎದ್ದರೆ ಇನ್ನೊಂದು ಮಲಗುತ್ತದೆ. ಆಪರೇಟರ್ ಹಳೆಯದನ್ನು ಎಬ್ಬಿಸಿ ನನ್ನ ಹಲ್ಲು ತೋರಿಸಿದರು. ಅದನ್ನು ಮಲಗಿಸಿ, ಹೊಸದನ್ನು ಎಬ್ಬಿಸಿ ನನ್ನ ಗಂಡನ ಬೆವರಿದ ಮುಖ ತೋರಿಸಿದರು.

"ಇಬ್ರನ್ನೂ ಒಟ್ಟಿಗೆ ತೋರಿಸಿ ಅಣ್ಣಾ" ಎಂದೆ.

"ಅದೇ ಆಗಲ್ಲ ಮೇಡಂ. ಅವ್ರಿದ್ದಾಗ ನೀವಿರಲ್ಲ, ನೀವಿದ್ದಾಗ ಅವ್ರಿರಲ್ಲ."

"ನಮ್ಮ ಅಪ್ಪ ಅಮ್ಮಂದೂ ಹೀಗೇ ನಡೀತಿತ್ತು, ಆದ್ರೆ ಅವರಿಗೆ ಮಕ್ಕಳಾದ್ಮೇಲೆ" ಎಂದರು ನನ್ನವರು.

ಸರಿ, ನನ್ನವರನ್ನು ಹಳೆಯದಕ್ಕೆ ಸೇರಿಸಿ ಎಂದೆವು. ಹಳೆಯದರಲ್ಲಿ ಇನ್ನು ಯಾರನ್ನೂ ಬರೆದುಕೊಳ್ಳುವಂತಿಲ್ಲವಂತೆ. ಹಾಗಾದರೆ ನನ್ನನ್ನು ಹೊಸದಕ್ಕೆ ತನ್ನಿ ಎಂದೆವು. ಹೊಸದು ನನ್ನ ಹೆಸರು ನೋಡಿದ ಕೂಡಲೇ ಕೆಂಪಾಯಿತು. ಹಳೆಯದರಲ್ಲಿದ್ದ ವಿವಾಹಿತರ ಹೆಸರುಗಳನ್ನು ಅದಕ್ಕೆ ಮೊದಲೇ ತುಂಬಿಸಿದ್ದಾರೆ. ಈಕೆಗೆ ಆಗಲೇ ಮದುವೆಯಾಗಿದೆ, ಎರಡನೇ ಮದುವೆ ಅಪರಾಧ ಎಂದಿತು. ಯಾರ ಜೊತೆ ಆಗಿದೆ ಎಂದು ಕೇಳಿದರೆ ಆ ಜಾಗ ಖಾಲಿ! ಆಗಲೇ ನಾವು ನಿಮ್ಮ ಕೋಣೆಗೆ ಬಂದದ್ದು. ತಾವು ಕನ್ನಡಕ ಒರೆಸಿಕೊಂಡು, "ಮೊದಲನೇ ಮದುವೆಯಿಂದ ವಿಚ್ಛೇದನ ತಂದುಕೊಡಮ್ಮಾ" ಎಂದಿರಿ.

ಯಾರಿಂದ ಸ್ವಾಮೀ? ಖಾಲಿ ಜಾಗದಿಂದಲೇ? ಅದರ ಮೇಲೆ ಏನೆಂದು ದೂರು ಕೊಡಲಿ? ಕುಡಿಯುತ್ತದೆ ಎನ್ನಲೇ, ಹೊಡೆಯುತ್ತದೆ ಎನ್ನಲೇ? ನ್ಯಾಯಾಧೀಶರು ಪ್ರತಿವಾದಿಯನ್ನು ಕರೆಯಿರಿ ಎಂದರೆ ಬಾಗಿಲಲ್ಲಿ ಯಾರನ್ನು ನಿಲ್ಲಿಸಲಿ? ನಾವು ಬಾಯಿ ತೆರೆದು ನಿಂತದ್ದನ್ನು ಕಂಡು ತಾವೇ ಕನಿಕರದಿಂದ, "ಹಳೆಯದೂ ಸರಿಯಾಗಿದೆ, ಹೊಸದೂ ಸರಿಯಾಗಿದೆ. ನೀವೇ ಮಧ್ಯೆ ಬಂದು ಸಿಕ್ಕಿಹಾಕಿಕೊಂಡಿದ್ದೀರಿ" ಎಂದು ಸಮಾಧಾನ ಹೇಳಿದಿರಿ.

ಇದು ತಮಾಷೆಯಾಗಿಯೇ ಉಳಿಯಬಹುದಿತ್ತು. ಆದರೆ ಆಸ್ಪತ್ರೆಯ ಕ್ವಾರ್ಟರ್ಸ್ ದಂಪತಿಗಳಿಗೆ ಮಾತ್ರ. ಪ್ರಮಾಣಪತ್ರ ತೋರಿಸದೆ ಬೀಗದ ಕೈ ಕೊಡುವುದಿಲ್ಲ. ಈ ತಿಂಗಳು ಮುಗಿದರೆ ನಮಗೆಂದು ಇಟ್ಟಿರುವ ಮನೆ ಮುಂದಿನವರಿಗೆ ಹೋಗುತ್ತದೆ, ಮತ್ತೊಂದು ಖಾಲಿಯಾಗುವುದು ಯಾವಾಗಲೋ. ಒಂದು ಕೋಣೆ, ಒಂದು ಅಡುಗೆಮನೆ, ಪೂರ್ತಿ ತೆರೆಯದ ಒಂದು ಕಿಟಕಿ. ಪರದೆಯ ಬಟ್ಟೆಯನ್ನೂ ತಂದಿಟ್ಟಿದ್ದೇನೆ, ಹಳದಿ, ಎಷ್ಟು ಚೆನ್ನಾಗಿದೆ ಗೊತ್ತೇ! ಸದ್ಯಕ್ಕೆ ನಾನು ಅಕ್ಕನ ಮನೆಯಲ್ಲಿ ಅವಳ ಅತ್ತೆಯ ಪಕ್ಕ ಮಲಗುತ್ತೇನೆ. ನನ್ನವರು ಗಂಡಸರ ಹಾಸ್ಟೆಲಿನಲ್ಲಿದ್ದಾರೆ. ಸಂಜೆ ಅದರ ಗೇಟಿನ ಹೊರಗೆ ನಿಂತು ಮಾತಾಡುತ್ತೇವೆ. ಮೊನ್ನೆ ವಾಚ್‌ಮನ್ ನನ್ನನ್ನು ಪಕ್ಕಕ್ಕೆ ಕರೆದರು.

"ಏನಮ್ಮಾ, ದಿನಾ ಬರ್ತೀಯ. ಮನೇಲಿ ಗೊತ್ತಾ?"

"ಗೊತ್ತು ಅಣ್ಣಾ, ಮದ್ವೆ ಮಾಡ್ಸಿದ್ದೇ ಅವ್ರು."

"ಎಲ್ರೂ ಹಿಂಗೇ ಹೇಳೋದು" ಎಂದು ಗೇಟು ಹಾಕಿಕೊಂಡರು.

ಒಂದು ಮಾತು ಕೇಳುತ್ತೇನೆ, ಕೋಪಿಸಿಕೊಳ್ಳಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ಹಳೆಯದೂ ಹೊಸದೂ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಮಾಡುತ್ತಿವೆ. ಅವೆರಡಕ್ಕೂ ಪ್ರಮಾಣಪತ್ರ ಕೊಟ್ಟವರು ಯಾರು? ಒಂದರ ಮುಖ ಒಂದು ನೋಡದ ಜೋಡಿಗೆ ಸರ್ಕಾರಿ ವಸತಿ, ಬೆಳಗಾದರೆ ಫೋನು ಮಾಡಿ ತಿಂಡಿ ಆಯಿತೇ ಎಂದು ಕೇಳುವ ನಮಗೆ ಬೀದಿಯೇ?

ನಿನ್ನೆಯಂತೂ ತಾವು ನಮಗೆ ದಾರಿಯನ್ನೇ ತೋರಿಸಿದಿರಿ. ಹೊಸ ಸಿಸ್ಟಂನಲ್ಲಿ ವರನ ಹೆಸರು ಸರಿಯಾಗಿ ಕೂತಿದೆ, ವಧುವಿನ ಜಾಗ ಮಾತ್ರ ಬಾಕಿ. "ಬೇರೆ ವಧು ಇದ್ದರೆ ಕರೆತನ್ನಿ, ಇವತ್ತೇ ಮುಗಿಸಿಕೊಡ್ತೀನಿ" ಎಂದಿರಿ. ನನ್ನ ಗಂಡ ನಗಲಿಲ್ಲ. ನಿಮ್ಮ ಮೇಜಿನ ಮೇಲೆ ಎರಡೂ ಕೈ ಊರಿ, "ಸಾರ್, ಇವಳನ್ನ ಒಪ್ಪಿಸೋಕೇ ನನಗೆ ಎರಡು ವರ್ಷ ಬೇಕಾಯ್ತು" ಎಂದರು. ನನ್ನ ನಗುವೂ ಅಲ್ಲಿಗೇ ನಿಂತಿತು.

ಆದ್ದರಿಂದ ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ತಿಂಗಳು ಮುಗಿಯುವುದರೊಳಗೆ ಒಂದು ಬಿಳಿಯ ಹಾಳೆ ತೆಗೆದುಕೊಳ್ಳಿ. ಇವರಿಬ್ಬರೂ ನನ್ನ ಕಣ್ಣೆದುರು ಒಟ್ಟಿಗೆ ನಿಂತಿದ್ದರು ಎಂದು ಕೈಯಲ್ಲಿ ಬರೆದು ಸಹಿ ಮಾಡಿ, ಮೊಹರು ಒತ್ತಿ. ಬೀಗದ ಕೈಗೆ ಅಷ್ಟು ಸಾಕು ಎಂದು ಆಸ್ಪತ್ರೆಯವರು ಒಪ್ಪಿದ್ದಾರೆ. ಕಂಪ್ಯೂಟರಿಗೆ ಆಮೇಲೆ ನಿಧಾನವಾಗಿ ತಿಳಿಸಿ. ವಧು ಮಾತ್ರ ಬದಲಾಗುವುದಿಲ್ಲ.

ಇಂತಿ,
ಖಾಲಿ ಜಾಗದ ಧರ್ಮಪತ್ನಿ,
ಹಾಸ್ಟೆಲ್ ಗೇಟಿನ ಹೊರಗಿನಿಂದ